ಕರಗಬಾರದ ಸೀಸ

"ಅಯ್ಯೋ, ನನ್ನ ಎಣ್ಣೆಗೆ ಅದೇನು ಹಾಕೋಕೆ ಬಂದೆ! ತೆಗಿ ಕೈ!"

ಮಾದುಬೆ ಜಾಲರಿ ಸೌಟನ್ನು ಬಾಣಲೆಗೆ ಅಡ್ಡ ಹಿಡಿದಳು. ಬುಲವಾಯೊ ಲೋಕೋ ಶೆಡ್ಡಿನ ಗೇಟಿನೆದುರು ಆಕೆ ಹತ್ತೊಂಬತ್ತು ವರ್ಷದಿಂದ ಅಮಗ್ವಿನ್ಯಾ ಕರಿದು ಮಾರುತ್ತಿದ್ದಳು. ಆ ಬಾಣಲೆಗೆ ಇದುವರೆಗೆ ಹಿಟ್ಟಿನ ಉಂಡೆ ಬಿಟ್ಟು ಬೇರೇನೂ ಬಿದ್ದಿರಲಿಲ್ಲ.

"ಎರಡೇ ಎರಡು ಚೂರು, ಮಾದುಬೆ" ಎಂದಳು ನೊಮಲಾಂಗ.

"ಚೂರೋ ಪಾರೋ! ನಿಂಗೆ ಹಾಲು ಹಲ್ಲು ಬೀಳೋ ಮುಂಚೆಯಿಂದ ನೋಡ್ತಿದೀನಿ. ಪೊಲೀಸ್ ಟೋಪಿ ಬಂದ್ಮೇಲೆ ತಲೆ ಪೂರ್ತಿ ಕೆಟ್ಟಿದೆ. ಕಬ್ಬಿಣ ಕರಿದು ತಿಂತೀಯಾ?"

"ಭೆಕಿ ಕೆಲಸ ಉಳೀಬೇಕೋ ಬೇಡ್ವೋ?"

ಸೌಟು ತಾನಾಗಿ ಕೆಳಗಿಳಿಯಿತು. ಆ ಹೆಸರಿಗೆ ಗೇಟಿನಲ್ಲಿ ಅಷ್ಟು ಬೆಲೆಯಿತ್ತು.

ಭೆಕಿ ಹದೇಬೆ ಈ ಶೆಡ್ಡಿನಿಂದ ಡ್ರೈವರಾದ ಮೊದಲ ಕಪ್ಪು ಮನುಷ್ಯ. ನಾಲ್ಕು ದಿನದ ಹಿಂದೆ ಅವನು ವಾಂಕಿಯ ಕಲ್ಲಿದ್ದಲ ಗಾಡಿ ಎಳೆದುಕೊಂಡು ಏರು ಹತ್ತುತ್ತಿದ್ದಾಗ ನಾನೂರ ಒಂಬತ್ತನೇ ಇಂಜಿನ್ನಿನ ಒಲೆಯ ಚಾವಣಿಯಲ್ಲಿದ್ದ ಹಿತ್ತಾಳೆ ಬಿರಡೆಯೊಳಗಿನ ಸೀಸ ಕರಗಿಹೋಗಿತ್ತು. ಉಗಿ ಒಲೆಯೊಳಕ್ಕೆ ನುಗ್ಗಿ ಬೆಂಕಿ ಆರಿತು. ಕಲ್ಲಿದ್ದಲು ಎರಚುತ್ತಿದ್ದ ವುಸಾನ ಎರಡೂ ಕೈ ಸುಟ್ಟು ಬೊಬ್ಬೆಯೆದ್ದವು.

ಬಿರಡೆ ಕರಗಿತೆಂದರೆ ಶೆಡ್ಡಿನಲ್ಲಿ ಯಾರೂ ಎರಡನೇ ಮಾತು ಕೇಳುವುದಿಲ್ಲ. ಅದರ ಮೇಲೆ ಬಾಯ್ಲರಿನ ನೀರು ನಿಂತಿರುವವರೆಗೆ ಸೀಸ ಕರಗದು. ನೀರು ತಳ ಕಂಡಾಗ ಮಾತ್ರ ಕರಗಿ, ಬೆಂಕಿ ಆರಿಸಿ, ಬಾಯ್ಲರ್ ಸಿಡಿಯದಂತೆ ಕಾಯುತ್ತದೆ. ಅಂದರೆ ಡ್ರೈವರ್ ನೀರು ನೋಡಿಲ್ಲ, ತೂಕಡಿಸಿದ್ದಾನೆ. ಬಿಳಿಯ ಶೆಡ್ ಫೋರ್ಮನ್ ಪ್ರಿಂಗಲ್ ವರದಿಯಲ್ಲಿ ಹಾಗೇ ಬರೆದು ಸಹಿ ಹಾಕಿದ್ದ. ಇವತ್ತು ಮೂರು ಗಂಟೆಗೆ ವಿಚಾರಣೆ. ತಪ್ಪು ಸಾಬೀತಾದರೆ ಭೆಕಿ ಮತ್ತೆ ಬೂದಿ ಗುಡಿಸಬೇಕು, ಡ್ರೈವರ್ ಪರೀಕ್ಷೆಗೆ ಕಾದಿರುವ ಹನ್ನೊಂದು ಜನ ಕಪ್ಪು ಕೆಲಸಗಾರರ ಹೆಸರೂ ಮೂಲೆ ಸೇರುತ್ತದೆ.

ರೈಲ್ವೆಯ ತನಿಖಾ ಇನ್ಸ್‌ಪೆಕ್ಟರ್ ನೊಮಲಾಂಗ ಗುಮೆಡೆಗೆ ಭೆಕಿಯ ಮೇಲೆ ಅನುಮಾನ ಇರಲಿಲ್ಲ. ಆದರೆ ನಂಬಿಕೆಯನ್ನು ಕಾಗದದಲ್ಲಿ ಬರೆದುಕೊಟ್ಟರೆ ಯಾರು ಓದುತ್ತಾರೆ?

ಅವಳು ಕರ್ಚೀಫಿನ ಗಂಟು ಬಿಚ್ಚಿದಳು. ಒಂದು ಚೂರು ಹಳೆಯ, ಯಾವ ತಕರಾರೂ ಇಲ್ಲದ ಬಿರಡೆಯಿಂದ ಕೊರೆದ ಸೀಸ. ಇನ್ನೊಂದು ನಾನೂರ ಒಂಬತ್ತರ ಬಿರಡೆಯ ಮೂಲೆಯಲ್ಲಿ ಅಂಟಿ ಉಳಿದಿದ್ದ ಲೋಹ. ಎರಡೂ ಕಡಲೆಕಾಳಿನಷ್ಟು, ಎರಡೂ ಬೂದುಬಣ್ಣ.

ಎಣ್ಣೆ ಸಣ್ಣಗೆ ಹೊಗೆಯಾಡಿತು. ಜಾಲರಿಯಲ್ಲಿಟ್ಟು ಮೊದಲ ಚೂರನ್ನು ಮುಳುಗಿಸಿದಳು. ಮಾದುಬೆ ಇಪ್ಪತ್ತರವರೆಗೆ ಎಣಿಸಿದಳು. ಚೂರು ಹಾಗೇ ಇತ್ತು.

ಎರಡನೆಯದನ್ನು ಮುಳುಗಿಸಿದಳು. ಮಾದುಬೆ ಐದು ಎಣಿಸುವಷ್ಟರಲ್ಲಿ ಅದು ದುಂಡಗಾಗಿ, ಹೊಳೆದು, ಜಾಲರಿಯ ಕಣ್ಣಿನಿಂದ ಜಾರಿ ಬಾಣಲೆಯ ತಳ ಸೇರಿತು.

"ಇದೇನಿದು, ಬೆಣ್ಣೆ ಥರ!" ಮಾದುಬೆ ಬಾಯಿ ಮೇಲೆ ಕೈಯಿಟ್ಟಳು.

"ಬೆಸುಗೆ ಹಾಕೋ ಲೋಹ. ಅರ್ಧಕ್ಕಿಂತ ಜಾಸ್ತಿ ತವರ. ನೀರು ತುಂಬಿದ್ರೂ ಸರಿ, ಉಗಿ ಪೂರ್ತಿ ಏರಿದ್ರೆ ಕರಗಿಹೋಗತ್ತೆ. ಶೆಡ್ಡಲ್ಲಿ ಬಿಸಿ ಕಡಿಮೆ, ಅಲ್ಲಿ ತಡ್ಕೊಂಡಿತು. ಏರು ಬಂತು, ಉಗಿ ಪೂರ್ತಿ ಏರ್ತು, ಕೈ ಕೊಡ್ತು."

"ಅಂದ್ರೆ ನಮ್ಮ ಭೆಕಿ ನಿದ್ದೆ ಮಾಡಿರ್ಲಿಲ್ಲ!"

"ಕಣ್ಣು ಮಿಟುಕಿಸಿರಲೂ ಇಲ್ಲ."

ಹಿಂದಿನಿಂದ ಚಪ್ಪಾಳೆ ಕೇಳಿಸಿತು. ಅಮಗ್ವಿನ್ಯಾ ತಿಂದ ಎಣ್ಣೆಗೈಯಲ್ಲೇ ಚಪ್ಪಾಳೆ ತಟ್ಟುತ್ತಿದ್ದವನು ಫನುವೆಲ್ ನ್ಯಾತಿ, ಸ್ಟೋರಿನ ಗುಮಾಸ್ತ, ಯೂನಿಯನ್ನಿನ ಕಾರ್ಯದರ್ಶಿ. ಮಧ್ಯಾಹ್ನ ಭೆಕಿಯ ಪರವಾಗಿ ಮಾತಾಡಬೇಕಾದವನೂ ಅವನೇ. ನಾಲ್ಕು ದಿನದಿಂದ ಭೆಕಿಯ ಮನೆಗೆ ಜೋಳದ ಹಿಟ್ಟು ಹೊತ್ತು ಹಾಕಿದ್ದಾನೆಂದು ಊರೆಲ್ಲ ಹೊಗಳುತ್ತಿತ್ತು.

"ಭಲೇ ತಂಗಿ! ನಾನು ಹೇಳ್ಲಿಲ್ವಾ? ಇದು ಪ್ರಿಂಗಲ್ ಕೆಲ್ಸ. ಸ್ಟೋರಿಗೆ ಇರೋದೇ ಎರಡು ಬೀಗದಕೈ. ಒಂದು ಅವನ ಹತ್ರ, ಒಂದು ನನ್ನ ಹತ್ರ. ನಾನು ನಮ್ಮವನ ಹೊಟ್ಟೆ ಮೇಲೆ ಹೊಡೀತೀನಾ?"

"ಅದೂ ಸರಿ" ಎಂದಳು ಮಾದುಬೆ, ಅವನಿಗೆ ಇನ್ನೊಂದು ಅಮಗ್ವಿನ್ಯಾ ಕೊಡುತ್ತಾ.

"ಬಿರಡೆ ಎರಕ ಹೊಯ್ದವರು ಯಾರಂತ ಗೊತ್ತಾಯ್ತಾ, ತಂಗಿ? ಗುರುತು ಇರತ್ತಲ್ಲ."

"ಮಸಿ ಹಿಡಿದಿದೆ. ಇನ್ನೂ ಕಾಣಿಸ್ಲಿಲ್ಲ" ಎಂದಳು ನೊಮಲಾಂಗ.

ಸುಳ್ಳು ಹೇಳಿದ್ದಳು. ಮಸಿಯನ್ನು ಬೆಳಿಗ್ಗೆಯೇ ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆದಿದ್ದಳು. ಈ ಶೆಡ್ಡಿನಲ್ಲಿ ಪ್ರತಿ ಬಾಯ್ಲರ್ ಕೆಲಸಗಾರನೂ ತಾನು ಎರಕ ಹೊಯ್ದ ಬಿರಡೆಯ ತಲೆಯ ಮೇಲೆ ತನ್ನದೇ ಉಳಿಗುರುತು ಹೊಡೆಯುತ್ತಾನೆ. ಓದು ಬಾರದ ಕಾಲದಿಂದ ಬಂದ ಪದ್ಧತಿ. ನಾನೂರ ಒಂಬತ್ತರ ಬಿರಡೆಯ ಮೇಲೆ ಒಂದು ಪುಟ್ಟ ಸುತ್ತು, ಅದರೊಳಗೊಂದು ಚುಕ್ಕಿ ಇತ್ತು. ಆ ಗುರುತನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಮನೆಯ ಪಾತ್ರೆಗಳ ತಳದಲ್ಲೂ ಅದೇ ಇತ್ತು.

ಅದು ಅವಳ ಅಪ್ಪನ ಗುರುತು.

*

ಬಾಯ್ಲರ್ ಶಾಪಿನೊಳಗೆ ಕಾಲಿಟ್ಟರೆ ಮನುಷ್ಯನ ಮಾತು ಸತ್ತಂತೆಯೇ. ನಾಲ್ಕು ಕಡೆ ಸುತ್ತಿಗೆ, ಮಧ್ಯೆ ಹೊಟ್ಟೆ ಸೀಳಿಕೊಂಡು ಬಿದ್ದಿರುವ ಇಂಜಿನ್ನುಗಳು. ಅಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಬದುಕುತ್ತಾರೆ.

ಅಪ್ಪ ಮೂಲೆಯ ಕುಲುಮೆಯ ಹತ್ತಿರ ನಿಂತಿದ್ದ. ನಿವೃತ್ತಿಯಾಗಿ ಆರು ವರ್ಷವಾದರೂ ದಿನಗೂಲಿಗೆ ಬರುತ್ತಿದ್ದ. ಬಿರಡೆ ಹೊಯ್ಯುವ ಕೈ ಶೆಡ್ಡಿನಲ್ಲಿ ಇನ್ನೊಂದಿಲ್ಲವೆಂದು ಪ್ರಿಂಗಲ್ಲೇ ಉಳಿಸಿಕೊಂಡಿದ್ದ. ಬಾಬಾ ಗುಮೆಡೆ ಎಂದರೆ ಬಿಳಿಯರೂ ಟೋಪಿ ಮುಟ್ಟುತ್ತಿದ್ದರು.

ಹನ್ನೆರಡರ ಸೈರನ್ ಕೂಗಿತು. ಸುತ್ತಿಗೆಗಳೆಲ್ಲ ಒಂದೇ ಸಲ ನಿಂತವು. ಅಪ್ಪನ ಸುತ್ತಿಗೆ ಮಾತ್ರ ಇನ್ನೆರಡು ಏಟು ಬಿತ್ತು. ಆಮೇಲೆ ಅವನು ಕತ್ತೆತ್ತಿ, ಪಕ್ಕದವರು ಕೈ ಒರೆಸಿಕೊಳ್ಳುವುದನ್ನು ನೋಡಿ, ತಾನೂ ಸುತ್ತಿಗೆ ಕೆಳಗಿಟ್ಟ.

"ಬಾಬಾ!" ಅವಳು ಬಾಗಿಲಿನಿಂದಲೇ ಕರೆದಳು.

ಅವನು ತಿರುಗಲಿಲ್ಲ. ಮೊನ್ನೆ ಭಾನುವಾರ ತಾನು ಊಟಕ್ಕೆ ಹೋಗಲಿಲ್ಲವೆಂಬ ಮುನಿಸು ಇನ್ನೂ ಇಳಿದಿಲ್ಲ ಎಂದುಕೊಂಡಳು. ಹತ್ತಿರ ಹೋಗಿ ಎದುರು ನಿಂತ ಮೇಲೆ ಅವನ ಮುಖ ಅರಳಿತು.

"ಓಹೋ, ಲಾಂಗ! ದಾರಿ ತಪ್ಪಿ ಬಂದ್ಯಾ?"

ಅವಳು ಬಿರಡೆಯನ್ನು ಅವನ ಅಂಗೈ ಮೇಲಿಟ್ಟಳು.

ಅಪ್ಪ ಅದನ್ನು ತಿರುವಿ ನೋಡಿದ. "ನಂದೇ. ನಾನೂರ ಒಂಬತ್ತರದು."

"ಇದರಲ್ಲಿದ್ದದ್ದು ಸೀಸ ಅಲ್ಲ, ಬಾಬಾ. ಬೆಸುಗೆ ಲೋಹ."

"ಯಾರು ಹೇಳಿದ್ದು?"

"ಎಣ್ಣೆಯಲ್ಲಿ ಕರಗಿಸಿ ನೋಡ್ದೆ."

"ಎಣ್ಣೆಯಲ್ಲಿ ಹಿಟ್ಟು ಕರೀತಾರೆ." ಅವನ ಧ್ವನಿ ಏರಿತು. "ನಲವತ್ತೊಂದು ವರ್ಷ ಬಿರಡೆ ಹೊಯ್ದಿದೀನಿ. ಒಂದಾದ್ರೂ ಮೋಸ ಮಾಡಿದ್ಯಾ? ಕೇಳು ಹೋಗು, ಯಾವ ಡ್ರೈವರನ್ನ ಬೇಕಾದ್ರೂ ಕೇಳು!"

"ಇದಕ್ಕೆ ಕರಗಿಸಿದ ಲೋಹದ ಪಟ್ಟಿ ಎಲ್ಲಿದೆ? ಉಳಿದಿದ್ದು?"

ಅವನು ಹಲಗೆಯ ಮೇಲಿಂದ ಅರ್ಧ ಪಟ್ಟಿ ತೆಗೆದು ಎಸೆದಂತೆ ಕೊಟ್ಟ. ಗೇಣುದ್ದ, ಬೆರಳು ದಪ್ಪ. ಒಂದು ತುದಿಗೆ ಕೆಂಪು ಬಣ್ಣ ಬಳಿದಿತ್ತು. ಸ್ಟೋರಿನಲ್ಲಿ ಸೀಸದ ಪಟ್ಟಿಗೆ ಮಾತ್ರ ಕೆಂಪು, ಬೆಸುಗೆಯದಕ್ಕೆ ಯಾವ ಬಣ್ಣವೂ ಇಲ್ಲ. ನೊಮಲಾಂಗ ಆ ಕೆಂಪಿನ ಮೇಲೆ ಉಗುರು ಒತ್ತಿದಳು. ಗುರುತು ಮೂಡಿತು. ಬಣ್ಣ ಇನ್ನೂ ಒಳಗೆ ಒಣಗಿರಲಿಲ್ಲ, ಮೂಗಿಗೆ ಹಿಡಿದರೆ ಟರ್ಪಂಟೈನ್ ವಾಸನೆ. ಸ್ಟೋರಿನ ಪಟ್ಟಿಗಳಿಗೆ ಬಣ್ಣ ಬಿದ್ದು ವರ್ಷಗಳಾಗಿದ್ದವು.

ಯಾರೋ ಬೇಕೆಂದೇ ಮಾಡಿದ ಕೆಲಸ. ಅವಳ ಎದೆ ಸ್ವಲ್ಪ ಹಗುರಾಯಿತು.

"ಬಣ್ಣ ನೋಡಿ ತಗೊಂಡ್ರಾ?"

"ಬಣ್ಣ ಯಾವ ಕತ್ತೆ ಬೇಕಾದ್ರೂ ಬಳೀಬಹುದು. ನಾನು ಕಿವಿ ಹತ್ರ ಹಿಡಿದು ಬಗ್ಗಿಸಿ ನೋಡ್ದೆ. ನಮ್ಮಪ್ಪ ಕಲಿಸಿದ್ದು, ನಾನು ಎಲ್ಲರಿಗೂ ಕಲಿಸಿದ್ದು. ತವರ ಇದ್ರೆ ಪಟ್ಟಿ ಅಳ್ತದೆ. ಸೀಸ ಮೂಕ. ಇದು ತುಟಿ ಬಿಚ್ಚಲಿಲ್ಲ. ಸೀಸವೇ."

ಅವನ ಮುಖದಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ. ಹಾಗಾಗಿಯೇ ಅವಳಿಗೆ ಭಯವಾಯಿತು.

ಅವಳು ಪಟ್ಟಿಯ ಎರಡೂ ತುದಿ ಹಿಡಿದು, ಅಪ್ಪನ ಮುಖದ ಮುಂದೆಯೇ ನಿಧಾನವಾಗಿ ಬಗ್ಗಿಸಿದಳು.

ಕರ್ರ್... ಕರ್ರ್... ಒಣಗಿದ ಬೆಂಡು ಮುರಿದ ಹಾಗೆ ಪಟ್ಟಿ ಅತ್ತಿತು.

ಇಪ್ಪತ್ತು ಅಡಿ ದೂರದಲ್ಲಿ, ಅಪ್ಪನ ಬೆನ್ನ ಹಿಂದೆ, ಬುತ್ತಿ ಬಿಚ್ಚುತ್ತಿದ್ದ ಬೆಸುಗೆಯವನು ತಲೆಯೆತ್ತಿದ. "ಯಾರಯ್ಯಾ ಅದು ತವರ ಬಗ್ಗಿಸ್ತಿರೋದು? ನನ್ನ ಪಟ್ಟಿ ಮುಟ್ಬೇಡಿ ಅಂತ ಎಷ್ಟು ಸಲ ಹೇಳ್ಲಿ!"

ಅಪ್ಪ ಕದಲಲಿಲ್ಲ. "ನೋಡು" ಎಂದ ಗೆಲುವಿನಿಂದ. "ಕೇಳಿಸ್ತಾ ಏನಾದ್ರೂ? ಮೂಕ."

ನೊಮಲಾಂಗಳ ಕೈಯಲ್ಲಿದ್ದ ಪಟ್ಟಿ ಭಾರವಾಯಿತು. ಸೈರನ್ನಿಗೆ ಎತ್ತದ ಕತ್ತು. ಕರೆದರೆ ತಿರುಗದ ಮುನಿಸು. ಮಾತಾಡುವವರ ಬಾಯಿಯ ಮೇಲೇ ನೆಟ್ಟಿರುವ ಕಣ್ಣು. ಅದನ್ನು ಅವಳು ಇಷ್ಟು ದಿನ ಪ್ರೀತಿ ಎಂದುಕೊಂಡಿದ್ದಳು. ಅಪರಾಧಿಗಳ ಕಣ್ಣಿನ ರೆಪ್ಪೆ ಓದುವವಳಿಗೆ ಹೆತ್ತ ಅಪ್ಪನ ಕಿವಿ ಗೊತ್ತಾಗಲಿಲ್ಲ.

ಅವಳು ಮುಖ ಪಕ್ಕಕ್ಕೆ ತಿರುಗಿಸಿ ಮಾಮೂಲಿ ಧ್ವನಿಯಲ್ಲಿ ಹೇಳಿದಳು: "ಬಾಬಾ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ."

ಅಪ್ಪ ಸುಮ್ಮನೆ ನಗುತ್ತಾ ನಿಂತಿದ್ದ.

ಮತ್ತೆ ಎದುರು ತಿರುಗಿದಾಗ ಅವಳ ಕಣ್ಣು ತುಂಬಿತ್ತು. ಅಪ್ಪ ಅದನ್ನು ನೋಡಿದ, ಬಗ್ಗಿದ ಪಟ್ಟಿಯನ್ನು ನೋಡಿದ, ಬೆನ್ನ ಹಿಂದೆ ತಿರುಗಿ ತನ್ನನ್ನೇ ದಿಟ್ಟಿಸುತ್ತಿದ್ದ ಬೆಸುಗೆಯವನನ್ನು ನೋಡಿದ. ನಗು ಮುಖದಿಂದ ಮೆಲ್ಲಗೆ ಇಳಿಯಿತು.

"ಅತ್ತಿತಾ?" ಎಂದು ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು.

ಅಪ್ಪ ಕುಲುಮೆಯ ಕಟ್ಟೆಯ ಮೇಲೆ ಕುಕ್ಕರಿಸಿದ. ಬಾಯ್ಲರಿನ ಹೊಟ್ಟೆಯೊಳಗೆ ಕೂತು ಸುತ್ತಿಗೆ ಬಡಿದವರ ಕಿವಿ ಒಂದಲ್ಲ ಒಂದು ದಿನ ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡವನನ್ನು ಮರುದಿನ ಮನೆಗೆ ಕಳಿಸುತ್ತಾರೆ.

"ಯಾವಾಗಿಂದ?" ಎಂದು ತುಟಿ ಬಿಡಿಸಿ ಕೇಳಿದಳು.

"ನಿಮ್ಮಮ್ಮ ಹೋಗೋ ಮುಂಚೆಯಿಂದ. ಕೊನೇ ದಿನ ನನ್ನ ಕೈ ಹಿಡ್ಕೊಂಡು ಏನೋ ಹೇಳಿದ್ಲು. ತುಟಿ ಸರಿಯಾಗಿ ಆಡ್ತಿರ್ಲಿಲ್ಲ ಅವಳಿಗೆ. ಏನಂತ ಗೊತ್ತಾಗ್ಲಿಲ್ಲ. ಆಗ್ಲಿ ಅಂತ ತಲೆ ಆಡಿಸ್ದೆ." ಅವನು ಕೈ ನೋಡಿಕೊಂಡ. "ಏನಕ್ಕೆ ಆಗ್ಲಿ ಅಂದ್ನೋ, ಇವತ್ತಿಗೂ ಗೊತ್ತಿಲ್ಲ."

ಅವಳು ಪಕ್ಕದಲ್ಲಿ ಕೂತು ಅವನ ಭುಜಕ್ಕೆ ಹಣೆ ಒತ್ತಿದಳು. ಅಲ್ಲಿ ಇನ್ಸ್‌ಪೆಕ್ಟರ್ ಯಾರೂ ಇರಲಿಲ್ಲ.

ಆಮೇಲೆ ಮುಖ ಎತ್ತಿ ಕೇಳಿದಳು: "ಇದು ಯಾರಿಗೆ ಗೊತ್ತು, ಬಾಬಾ? ಯೋಚನೆ ಮಾಡಿ ಹೇಳಿ."

"ಯಾರಿಗೂ ಇಲ್ಲ. ನಿಂಗೇ ಗೊತ್ತಿರ್ಲಿಲ್ಲ, ಇನ್ಯಾರಿಗೆ ಹೇಳ್ಲಿ?"

ಆದರೆ ಒಬ್ಬನಿಗಾದರೂ ಗೊತ್ತಿರಲೇಬೇಕು. ಬಣ್ಣ ಬಳಿದರೆ ಸಾಲದು, ಪಟ್ಟಿ ಅತ್ತರೆ ಮುದುಕ ಅದನ್ನು ಬಿಸಾಡುತ್ತಾನೆ ಎಂಬುದು ಶೆಡ್ಡಿಗೆಲ್ಲ ಗೊತ್ತು. ಮುದುಕನಿಗೆ ಕೇಳುವುದಿಲ್ಲವೆಂದು ಖಾತ್ರಿ ಇದ್ದವನು ಮಾತ್ರ ಈ ಕೆಲಸಕ್ಕೆ ಕೈ ಹಾಕಬಲ್ಲ.

ಅಪ್ಪ ಎದ್ದು ಮೊಳೆಗೆ ತೂಗುಹಾಕಿದ್ದ ಕೋಟು ತೆಗೆದ.

"ಎಲ್ಲಿಗೆ?"

"ಮೂರು ಗಂಟೆಗಲ್ವಾ ವಿಚಾರಣೆ? ಭೆಕಿ ಅಪ್ಪ ನನ್ನ ಜೊತೆ ಸುತ್ತಿಗೆ ಹಿಡಿದವ. ಅವನ ಮಗ ಬೂದಿ ಗುಡಿಸೋದು ನೋಡ್ಕೊಂಡು ನಾನು ಈ ಕುಲುಮೆ ಮುಂದೆ ನಿಂತ್ಕೊಳ್ಲಾ?"

"ನಾಳೆಯಿಂದ ನಿಮ್ಮನ್ನ ಒಳಗೆ ಬಿಡಲ್ಲ, ಬಾಬಾ."

"ಮನೆ ತೋಟದಲ್ಲಿ ಕುಂಬಳ ಬೆಳೀತೀನಿ. ಕುಂಬಳ ಮಾತಾಡಲ್ಲ" ಎಂದ ಅಪ್ಪ, ಗುಂಡಿ ಹಾಕಿಕೊಳ್ಳುತ್ತಾ.

*

ಶೆಡ್ ಕಚೇರಿಯ ಮುಂದೆ ಜಕರಾಂಡ ಮರ ನೀಲಿ ಹೂ ಸುರಿಸಿತ್ತು. ಪರೀಕ್ಷೆಗೆ ಕಾದಿದ್ದ ಹನ್ನೊಂದು ಜನ ಅದರ ಕೆಳಗೆ ಕೂತಿದ್ದರು. ಬಾಬಾ ಬರುವುದನ್ನು ಕಂಡು ಎಲ್ಲರೂ ಎದ್ದು ನಿಂತರು.

ಒಳಗೆ ಉದ್ದ ಮೇಜು. ಮಧ್ಯೆ ಹೆಡ್ ಆಫೀಸಿನಿಂದ ಬಂದ ಅಧ್ಯಕ್ಷ ಚಿಗೋವಾ, ಪಕ್ಕದಲ್ಲಿ ಕೆಂಪು ಮುಖದ ಪ್ರಿಂಗಲ್. ಇನ್ನೊಂದು ತುದಿಯಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಭೆಕಿ. ಅವನ ಪಕ್ಕದಲ್ಲಿ ಫನುವೆಲ್, ಮುಂದೆ ಬರೆದುಕೊಂಡ ಕಾಗದಗಳ ಕಟ್ಟು.

"ಇವರು ಯಾರು?" ಎಂದ ಚಿಗೋವಾ, ಕಾಗದದಿಂದ ಕಣ್ಣು ತೆಗೆಯದೆ. "ಸಾಕ್ಷಿ ಪಟ್ಟಿಯಲ್ಲಿ ಹೆಸರಿಲ್ಲ."

ನೊಮಲಾಂಗ ಬಾಯಿ ತೆರೆಯುವ ಮೊದಲೇ ಫನುವೆಲ್ ಎದ್ದು ಬಂದ. ಮುದುಕನ ಎರಡೂ ಭುಜ ಹಿಡಿದು ಮೃದುವಾಗಿ ಕಿಟಕಿಯ ಕಡೆಗೆ ತಿರುಗಿಸಿ, ಬೆಳಕಿಗೆ ತನ್ನ ಮುಖ ಕೊಟ್ಟು ನಿಂತ.

"ಬಾಬಾ... ಇಲ್ಲಿ... ಕೂತ್ಕೊಳ್ಳಿ. ನಿಮಗ್ಯಾಕೆ... ಈ ತೊಂದ್ರೆ?"

"ಕೂರೋಕೆ ಬಂದಿಲ್ಲ ಮಗನೇ" ಎಂದ ಅಪ್ಪ. ಮೇಜಿನ ಹತ್ತಿರ ಹೋಗಿ, ಬಗ್ಗಿದ ಪಟ್ಟಿಯನ್ನು ಅಧ್ಯಕ್ಷನ ಮುಂದಿಟ್ಟ.

ಆಮೇಲೆ ನಿಂತೇ ಎಲ್ಲವನ್ನೂ ಹೇಳಿದ. ಬಿರಡೆ ತನ್ನದು. ಪಟ್ಟಿ ಬೆಸುಗೆಯದು, ಅದಕ್ಕೆ ಯಾರೋ ಹೊಸದಾಗಿ ಕೆಂಪು ಬಳಿದಿದ್ದಾರೆ. ಅದು ಅತ್ತದ್ದು ತನಗೆ ಕೇಳಲಿಲ್ಲ. ಏಳು ವರ್ಷದಿಂದ ಏನೂ ಕೇಳುವುದಿಲ್ಲ. ಕೊನೆಯ ಮಾತನ್ನು ಪ್ರಿಂಗಲ್‌ನ ಮುಖ ನೋಡಿಯೇ ಹೇಳಿದ.

ಬಿರಡೆಯಲ್ಲಿ ಅಂಟಿ ಉಳಿದಿದ್ದ ಲೋಹದ ಬಗೆಯನ್ನೂ ಎಣ್ಣೆಯ ಪರೀಕ್ಷೆಯನ್ನೂ ನೊಮಲಾಂಗ ವಿವರಿಸಿದಳು. ಬೇಕಾದರೆ ಗೇಟಿನಲ್ಲಿ ಬಾಣಲೆ ಇನ್ನೂ ಬಿಸಿಯಾಗಿದೆ ಎಂದಳು.

ಪ್ರಿಂಗಲ್ ಪಟ್ಟಿಯನ್ನು ಕೈಗೆತ್ತಿಕೊಂಡ. ಕಿವಿಯ ಹತ್ತಿರ ಹಿಡಿದು ಇನ್ನೊಂದು ಸಲ ಬಗ್ಗಿಸಿದ. ಕೋಣೆಗೆಲ್ಲ ಕೇಳಿಸಿತು.

ಅವನು ಪಟ್ಟಿಯನ್ನು ಮೇಜಿನ ಮೇಲಿಟ್ಟ. "ಬಾಯ್ಲರ್ ನೀರು ತೋರಿಸೋ ಗಾಜಿನ ನಳಿಕೆಯಲ್ಲಿ ನೀರಿಲ್ಲದ್ದು ನಾನು ಕಣ್ಣಾರೆ ನೋಡ್ದೆ" ಎಂದ. "ಆದ್ರೆ ಬಿರಡೆ ಹೋದ್ಮೇಲೆ ನೀರು ಹೋಯ್ತು. ಮುಂಚೆ ಅಲ್ಲ. ಹದೇಬೆ, ನನ್ನ ವರದಿ ತಪ್ಪು. ವಾಪಸ್ ತಗೋತೀನಿ." ಅವನು ತನ್ನ ಕಾಗದವನ್ನು ಎರಡಾಗಿ ಹರಿದ.

ಭೆಕಿ ಎದ್ದು ಬಂದು ಬಾಬಾನ ಎರಡೂ ಕೈ ಹಿಡಿದುಕೊಂಡ. ಕಿಟಕಿಯ ಹೊರಗೆ ಹನ್ನೊಂದು ಜನಕ್ಕೆ ಹೇಗೋ ಸುದ್ದಿ ತಲುಪಿತು. ಮರದಡಿ ಹಾಡು ಶುರುವಾಯಿತು, ಅದರ ಮಧ್ಯೆ ಮಾದುಬೆಯ ಕೇಕೆ ಬೇರೆ. ಶೆಡ್ಡಿನೊಳಗಿಂದ ಯಾವನೋ ಇಂಜಿನ್ನಿನ ಸೀಟಿಯನ್ನೂ ಎಳೆದ. ಚಿಗೋವಾ ಗದರಿಸುವ ಬದಲು ಕನ್ನಡಕ ತೆಗೆದು ಒರೆಸಿಕೊಂಡ.

ನೊಮಲಾಂಗಳಿಗೂ ಕುಣಿಯಬೇಕೆನಿಸಿತ್ತು. ಆದರೆ ಕಣ್ಣು ಫನುವೆಲ್‌ನ ಮೇಲೇ ಇತ್ತು.

ಬೆಳಕಿಗೆ ತಿರುಗಿಸಿದ ಭುಜ. ಒಂದೊಂದೇ ಪದ ಬಿಡಿಸಿ ಹೇಳಿದ ತುಟಿ. ಅಪ್ಪ ಆಗಿನ್ನೂ ಬಾಯಿ ಬಿಟ್ಟಿರಲಿಲ್ಲ. ಅವಳೂ ಯಾರಿಗೂ ಹೇಳಿರಲಿಲ್ಲ. ಆದರೂ ಫನುವೆಲ್‌ಗೆ ಮುದುಕನ ಕಿವಿಯ ವಿಷಯ ಗೊತ್ತಿತ್ತು, ಸ್ಟೋರಿನ ಎರಡನೇ ಬೀಗದಕೈಯೂ ಅವನ ಹತ್ತಿರವೇ ಇತ್ತು.

ಫನುವೆಲ್ ಎಲ್ಲರಿಗಿಂತ ಜೋರಾಗಿ ನಗುತ್ತಾ, ಭೆಕಿಯ ಬೆನ್ನು ತಟ್ಟುತ್ತಾ ಮೇಜಿನ ಹತ್ತಿರ ಬಂದ.

ನೊಮಲಾಂಗ ಮೇಜಿನಾಚೆ ನಿಂತಿದ್ದ ಅಪ್ಪನ ಕಣ್ಣು ಹುಡುಕಿ, ಧ್ವನಿಯಿಲ್ಲದೆ ತುಟಿ ಮಾತ್ರ ಆಡಿಸಿದಳು. ಆ ಗದ್ದಲದಲ್ಲಿ ಅವಳ ಮಾತು ತಲುಪುವುದು ಅಪ್ಪನೊಬ್ಬನಿಗೆ.

ಫನುವೆಲ್‌ಗೆ ನಿಮ್ಮ ಕಿವಿ ವಿಷಯ ಯಾವತ್ತಾದ್ರೂ ಹೇಳಿದ್ರಾ?

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ತಲೆ ಅರ್ಧಕ್ಕೇ ನಿಂತಿತು.

"ಎಲ್ಲಾ ಒಳ್ಳೇದಾಯ್ತು ತಂಗಿ" ಎಂದ ಫನುವೆಲ್, ಕೆಂಪು ತುದಿಯ ಪಟ್ಟಿಯತ್ತ ಕೈ ಚಾಚುತ್ತಾ. "ಇದನ್ನ ಕೊಡು, ಸ್ಟೋರಿಗೆ ಸೇರಿಸ್ತೀನಿ."

ಅವನು ಒಂದು ತುದಿ ಹಿಡಿಯುವಷ್ಟರಲ್ಲಿ ನೊಮಲಾಂಗ ಇನ್ನೊಂದು ತುದಿ ಹಿಡಿದಿದ್ದಳು. ಅವನು ಎಳೆದ. ಇವಳು ಬಿಡಲಿಲ್ಲ.

ಇಬ್ಬರ ಕೈಯ ನಡುವೆ ಪಟ್ಟಿ ಬಗ್ಗಿ, ಮತ್ತೊಮ್ಮೆ ಅತ್ತಿತು.